ಹಾಲಿಲ್ಲ ಎಂದ ತಾಯಿ

ಆಶಾರಾಣಿಗೆ ಹಾಲು ಬರುತ್ತಿತ್ತು. ಬರುತ್ತಿಲ್ಲ ಎಂದು ಅವಳು ಎಲ್ಲರ ಹತ್ತಿರವೂ ಹೇಳುತ್ತಿದ್ದಳು.

ಕೊಳ್ಳೇಗಾಲದ ಆ ಆಸ್ಪತ್ರೆಯ ಮಹಡಿಯಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆಂದೇ ಒಂದು ಕೋಣೆ ಇತ್ತು. ಅದರ ಪಕ್ಕದಲ್ಲೇ ತಾಯಂದಿರ ವಾರ್ಡು. ಹೊತ್ತು ಹೊತ್ತಿಗೆ ಸಿಸ್ಟರ್ ರತ್ನ ಬಂದು, ಕುದಿಸಿ ಒಣಗಿಸಿದ ಸ್ಟೀಲ್ ಬಟ್ಟಲನ್ನು ಕೈಗೆ ಕೊಟ್ಟು, "ಹಿಂಡಿ ನೋಡಮ್ಮ, ನಾಲ್ಕು ಹನಿ ಬಂದ್ರೂ ಸಾಕು" ಎನ್ನುತ್ತಿದ್ದಳು. ಆಶಾರಾಣಿ ಪರದೆಯ ಹಿಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಖಾಲಿ ಬಟ್ಟಲನ್ನೇ ವಾಪಸು ಕೊಡುತ್ತಿದ್ದಳು. ಆಮೇಲೆ ಎದೆ ಕಲ್ಲಿನಂತಾಗಿ ಸೆಳೆಯತೊಡಗಿದಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹಿಂಡಿ ಚೆಲ್ಲುತ್ತಿದ್ದಳು. ಮೊದಲ ದಿನ ಹಳದಿಯಾಗಿ ಗಟ್ಟಿಯಾಗಿ ಬಂದದ್ದು ಈಗ ತೆಳ್ಳಗೆ, ಬೆಳ್ಳಗೆ ಹರಿಯುತ್ತಿತ್ತು. ಅದು ತೂಬಿನಲ್ಲಿ ಇಳಿದುಹೋಗುವುದನ್ನು ಅವಳು ನೋಡುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿರುತ್ತಿದ್ದಳು.

ಅವಳ ಮನೆ ಇದ್ದದ್ದು ದೂರದ ಗೋಪಿನಾಥಂನಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡ ಕಾಡಿನ ಊರು. ಗಂಡ ಮಣಿಕಂಠ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ತವರು ಯಳಂದೂರು. ಇನ್ನೇನು ತವರಿಗೆ ಕಳಿಸಬೇಕು ಎಂದುಕೊಳ್ಳುತ್ತಿದ್ದಾಗಲೇ ನೋವು ಶುರುವಾಯಿತು. ಆಂಬುಲೆನ್ಸು ಬರುವುದೇ ತಡವಾಗಿ, ಮಾದೇಶ್ವರನ ಬೆಟ್ಟದ ಘಾಟಿಯ ತಿರುವುಗಳಲ್ಲಿ ಅತ್ತೆ ಮಾದೇವಮ್ಮನ ಕೈ ಬಿಗಿಯಾಗಿ ಹಿಡಿದುಕೊಂಡು ಅವಳು ಕೊಳ್ಳೇಗಾಲ ಮುಟ್ಟಿದ್ದಳು. ಎರಡು ತಿಂಗಳು ಮೊದಲೇ ಹುಟ್ಟಿದ ಹೆಣ್ಣು ಮಗು. ಒಂದೂಕಾಲು ಕೇಜಿಗಿಂತ ತುಸು ಹೆಚ್ಚು. ಉಸಿರಾಟ ಪರವಾಗಿಲ್ಲ, ಮೂಗಿಗೆ ಗಾಳಿಯ ಪೈಪು ಸಾಕು ಎಂದರು. ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು.

ಮೂರು ವರ್ಷದ ಹಿಂದೆ ಹುಟ್ಟಿದ ಗಂಡು ಮಗುವೂ ಹೀಗೇ ಇತ್ತು. ಅದು ತವರಿನಲ್ಲಿದ್ದಾಗ ಆದ ಹೆರಿಗೆ. ಬೇರೊಂದು ಊರಿನ ಆಸ್ಪತ್ರೆಗೆ ಸೇರಿಸಿದ್ದರು. ಆಗ ಅವಳಿಗೆ ಜ್ವರ, ಮೈಮೇಲೆ ಎಚ್ಚರವಿರಲಿಲ್ಲ. ಎದ್ದು ಕೂರುವಂತಾಗಿ, ಹಾಲು ಬಂದು, ಅವಳ ಎದೆಹಾಲು ಮೊದಲ ಸಲ ಮಗುವಿನ ಪೈಪಿನಲ್ಲಿ ಇಳಿದದ್ದು ಒಂದು ಮಧ್ಯಾಹ್ನ. ಸಂಜೆಗೆ ಮಗುವಿನ ಹೊಟ್ಟೆ ಉಬ್ಬಿ ಹೊಳೆಯತೊಡಗಿತು. ಹಸಿರು ವಾಂತಿ, ಆಮೇಲೆ ಮಲದಲ್ಲಿ ರಕ್ತ. ಕರುಳು ಕೊಳೆತುಹೋಗಿದೆ ಎಂದರು. ಮೈಸೂರಿಗೆ ಒಯ್ಯುವ ದಾರಿಯಲ್ಲೇ ಹೋಯಿತು.

ಮಣ್ಣು ಮಾಡಿ ಬಂದ ದಿನ ಕೇಳಿದವರಿಗೆಲ್ಲ ಮಾದೇವಮ್ಮ ಹೇಳಿದ್ದು ಒಂದೇ ಮಾತು. "ತಾಯಿ ಆಲು ಒಗ್ಗಲಿಲ್ಲ ಕನವ್ವ ಮಗೀಗೆ."

ಒಳಗೆ ಮಲಗಿದ್ದ ಆಶಾರಾಣಿ ಅದನ್ನು ಕೇಳಿಸಿಕೊಂಡಳು. ಬೈಗುಳವಾಗಿದ್ದರೆ ತಿರುಗಿ ಬೈದು ಮರೆಯಬಹುದಿತ್ತು. ಆದರೆ ಅತ್ತೆಯ ದನಿಯಲ್ಲಿ ಬೈಗುಳ ಇರಲಿಲ್ಲ. ಮಧ್ಯಾಹ್ನ ಕೊಟ್ಟದ್ದು ತನ್ನ ಹಾಲು, ಸಂಜೆಗೆ ಉಬ್ಬಿದ್ದು ಹೊಟ್ಟೆ. ಲೆಕ್ಕ ಸರಿಯಾಗಿಯೇ ಇತ್ತು.

ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ನಂಬುವುದಿಲ್ಲ, ನಂಬದೆ ಕೊಟ್ಟೇಬಿಡುತ್ತಾರೆ. ಗ್ಲೂಕೋಸಿನ ಬಾಟಲಿ ನೀರು ಹೋಗುತ್ತಿದೆಯಲ್ಲ, ಅದರಲ್ಲೇ ಸ್ವಲ್ಪ ಬಲಿಯಲಿ ಎಂದುಕೊಂಡಳು. ಬಲಿತ ಮೇಲೆ ಏನು ಎಂಬುದನ್ನು ಅವಳು ಯೋಚಿಸಿರಲಿಲ್ಲ.

ಮಾದೇವಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಪಕ್ಕದ ಮುಡಿಗುಂಡದಲ್ಲಿ ಅವಳ ತಂಗಿಯ ಮನೆ ಇತ್ತು. ದಿನವೂ ಅಲ್ಲಿಗೆ ಹೋಗಿ, ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ ಹಾಕಿ ಹುರಿದ ಪಲ್ಯ, ಬಿಸಿ ಮುದ್ದೆ ಕಟ್ಟಿಸಿಕೊಂಡು ಬರುತ್ತಿದ್ದಳು.

"ಉಣ್ಣು ಕಣ್ಣು. ಆಲು ಉಕ್ತದೆ ನೋಡು. ನಂಗೂ ಮಣಿ ಉಟ್ದಾಗ ಹಿಂಗೇಯ ಆಗಿತ್ತು."

ಗಡಿಯ ಊರಿನವಳಾದ್ದರಿಂದ ಪ್ರೀತಿ ಬಂದಾಗ ಅವಳ ಬಾಯಲ್ಲಿ ತಮಿಳಿನ ಆ 'ಕಣ್ಣು' ಬರುತ್ತಿತ್ತು. ಆಶಾರಾಣಿ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಳು. ಉಂಡದ್ದು ಎದೆಗೇ ಇಳಿಯುತ್ತಿತ್ತು.

ಪಕ್ಕದ ಮಂಚದಲ್ಲಿ ಸುನಿತಾ ಎಂಬ ಸೋಲಿಗರ ಹುಡುಗಿ ಇದ್ದಳು, ಬಿಳಿಗಿರಿರಂಗನ ಬೆಟ್ಟದ ಪೋಡಿನವಳು, ಕಾಡಿನ ಹಾಡಿಯಲ್ಲಿ ಬೆಳೆದವಳು. ಅವಳ ಮಗುವಿಗೆ ಬರೀ ಕಾಮಾಲೆ, ನೀಲಿ ಬೆಳಕಿನಡಿ ಮಲಗಿಸಿದ್ದರು. ಹಾಲು ಬೇಕಾದಷ್ಟಿತ್ತು. ಒಂದು ಬೆಳಿಗ್ಗೆ ತುಂಬಿದ ಬಟ್ಟಲನ್ನು ಹಿಡಿದುಕೊಂಡು ಬಂದು ನಿಂತಳು.

"ಅಕ್ಕ, ನಂಗೆ ಜಾಸ್ತಿ ಅದೆ. ನಿನ್ ಮಗೀಗೆ ಕೊಡ್ಸು."

ಸಿಸ್ಟರ್ ರತ್ನ ನೋಡಿ ತಡೆದಳು. "ಹಂಗೆಲ್ಲ ಒಬ್ರುದು ಒಬ್ರಿಗೆ ಕೊಡಂಗಿಲ್ಲ ಸುನಿತಾ. ಟೆಸ್ಟ್ ಆಗ್ಬೇಕು, ಕಾಯಿಸ್ಬೇಕು. ಆ ವ್ಯವಸ್ಥೆ ಇಲ್ಲಿಲ್ಲ."

ಸುನಿತಾ ಪೆಚ್ಚಾಗಿ ಬಟ್ಟಲು ಹಿಡಿದೇ ನಿಂತಳು. ಆಶಾರಾಣಿಗೆ ಅವಳ ಮುಖ ನೋಡಲಾಗಲಿಲ್ಲ. ಸೆರಗಿನಡಿ ರವಿಕೆ ಒದ್ದೆಯಾಗುತ್ತಿತ್ತು. ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು.

ಅದೇ ದಿನ ಮಕ್ಕಳ ಡಾಕ್ಟರು ನಿಂಗರಾಜು ರೌಂಡ್ಸಿಗೆ ಬಂದರು. ಹತ್ತಿರದ ಸತ್ತೇಗಾಲದವರು. ಇಂಗ್ಲಿಷಿನಲ್ಲಿ ಸಿಸ್ಟರಿಗೆ ಏನೋ ಹೇಳುತ್ತಿದ್ದವರು ತಾಯಂದಿರ ಕಡೆ ತಿರುಗಿದ ಕೂಡಲೇ ಊರಿನ ಮಾತಿಗೆ ಇಳಿಯುತ್ತಿದ್ದರು.

"ನೋಡಮ್ಮ ಆಶಾರಾಣಿ, ಮಗು ಚೆನ್ನಾಗದೆ. ಇನ್ನು ಹೊಟ್ಟೆಗೆ ಹನಿ ಹನಿ ಹಾಲು ಶುರು ಮಾಡ್ಬೇಕು. ಗ್ಲೂಕೋಸಲ್ಲೇ ಇಟ್ರೆ ಕರುಳು ಕೆಲಸ ಕಲಿಯಲ್ಲ. ಜೊತೇಲಿ ಒಂದು ಡ್ರಾಪ್ಸ್ ಕೊಡ್ತೀವಿ, ಪ್ರೊಬಯಾಟಿಕ್ ಅಂತ."

"ಅದ್ರಾಗೆ ಏನದೆ ಸಾ?" ಎಂದಳು ಮಾದೇವಮ್ಮ.

"ಕಣ್ಣಿಗೆ ಕಾಣ್ದಿರೋ ಜೀವಿಗಳು. ಬ್ಯಾಕ್ಟೀರಿಯಾ."

"ಉಳವಾ?"

"ಹುಳ ಅಲ್ಲ ಅಜ್ಜಿ. ನಮ್ಮೆಲ್ರ ಕರುಳಲ್ಲೂ ಅವೆ. ತಿಂಗಳು ತುಂಬಿ ಹುಟ್ಟಿ, ತಾಯಿ ಮೈಗಂಟಿ ಎದೆ ಕುಡಿದ್ರೆ ಒಳ್ಳೇವು ತಾವಾಗೇ ಸೇರ್ಕತವೆ. ಈ ಮಗು ಗಾಜಿನ ಪೆಟ್ಟಿಗೇಲದೆ, ಆಂಟಿಬಯಾಟಿಕ್ ಬೇರೆ ಹೋಗ್ತಾ ಅದೆ. ಕೆಟ್ಟವು ಮೊದಲು ಸೇರ್ಕಂಡ್ರೆ ಕರುಳು ಊದ್ಕತದೆ, ಕೊಳೀತದೆ. ಅದನ್ನ ತಡೆಯಕ್ಕೆ ಒಳ್ಳೇವನ್ನ ನಾವೇ ಕೊಡೋದು."

ಕರುಳು ಕೊಳೆಯುತ್ತದೆ ಎಂಬ ಮಾತು ಬಿದ್ದದ್ದೇ ಆಶಾರಾಣಿ ಎದ್ದು ಕೂತಳು.

"ಬ್ಯಾಡ ಸಾ. ಏನೂ ಕೊಡ್ಬ್ಯಾಡಿ. ಬಾಟ್ಲಿ ನೀರೇ ಸಾಕು."

ಡಾಕ್ಟರು ಅವಳ ಕಡೆ ತಿರುಗಿದರು. "ಡ್ರಾಪ್ಸ್ ಬೇಡ ಅಂದ್ರೆ ಬಲವಂತ ಇಲ್ಲ, ಯೋಚ್ನೆ ಮಾಡಿ ಹೇಳು. ಆದ್ರೆ ಹಾಲು ಬೇಕೇ ಬೇಕು. ಮೈಸೂರಲ್ಲಿ ತಾಯಿ ಹಾಲಿನ ಬ್ಯಾಂಕಿಗೆ ಫೋನ್ ಮಾಡಿಸ್ದೆ, ಇವತ್ತಿಗೆ ಅಲ್ಲೂ ಇಲ್ಲ. ನಾಳೆಗೂ ನಿಂದು ಬರ್ಲಿಲ್ಲ ಅಂದ್ರೆ ಪೌಡರ್ ಹಾಲೇ ಶುರು ಮಾಡ್ಬೇಕಾಗ್ತದೆ."

"ಪೌಡರಾದ್ರೆ ಏನೂ ಆಗಲ್ವಾ ಸಾ?"

"ಆಗಲ್ಲ ಅಂತ ಹೆಂಗೆ ಹೇಳ್ಲಿ? ಕರುಳಿನ ಈ ಕಾಯಿಲೆ ಪೌಡರ್ ಹಾಲು ಕುಡಿಯೋ ಮಕ್ಕಳಲ್ಲೇ ಜಾಸ್ತಿ. ತಾಯಿ ಹಾಲಲ್ಲಿ ಕಮ್ಮಿ. ಅದಕ್ಕೇ ಸಿಸ್ಟರು ನಿನ್ನ ಬೆನ್ನು ಬಿದ್ದಿರೋದು."

ಅವರು ಮುಂದಿನ ಮಂಚಕ್ಕೆ ಹೋದರು. ಆಶಾರಾಣಿ ಹಳೆಯ ಲೆಕ್ಕವನ್ನು ಮತ್ತೆ ಹಾಕಿದಳು. ಮೊದಲ ಮಗುವಿಗೆ, ತಾನು ಜ್ವರದಲ್ಲಿ ಬಿದ್ದಿದ್ದಾಗ, ಏನು ಕೊಟ್ಟಿರಬಹುದು? ಪೌಡರೇ ಕೊಟ್ಟಿದ್ದರು. ಡಬ್ಬಿಯನ್ನು ಮಣಿಕಂಠನೇ ತಂದುಕೊಟ್ಟಿದ್ದ. ಈ ಮೂರು ವರ್ಷದಲ್ಲಿ ಆ ಡಬ್ಬಿ ಅವಳ ನೆನಪಿಗೆ ಒಮ್ಮೆಯೂ ಬಂದಿರಲಿಲ್ಲ. ಆದರೆ ಡಾಕ್ಟರು ಹೇಳಿದ್ದು ನಿಜವೋ, ಹಾಲು ಹಿಂಡಿಸಲೆಂದು ಹೆದರಿಸಿದ್ದೋ? ಪೌಡರು ಕೊಟ್ಟರೂ ಭಯ, ತನ್ನದು ಕೊಟ್ಟರೂ ಭಯ, ಏನೂ ಕೊಡದಿದ್ದರೂ ಮಗು ಉಳಿಯುವುದಿಲ್ಲ. ಎದೆ ಬೇರೆ ಸಿಡಿಯುತ್ತಿತ್ತು. ಅವಳು ಎದ್ದು ಬಚ್ಚಲಿಗೆ ಹೋದಳು. ಅವಸರದಲ್ಲಿ ಹಾಕಿದ ಚಿಲಕ ಸರಿಯಾಗಿ ಬೀಳಲಿಲ್ಲ.

ಬಹಳ ಹೊತ್ತಾದರೂ ಸೊಸೆ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಮಾದೇವಮ್ಮ ಬಾಗಿಲು ತಳ್ಳಿದಳು. ಬಿಚ್ಚಿದ ರವಿಕೆ, ತೊಟ್ಟಿಯ ಅಂಚಿನ ಮೇಲೆ ಚಿಮ್ಮಿದ ಬಿಳಿ ಹನಿಗಳು, ಸೊಸೆಯ ಒದ್ದೆ ಬೆರಳುಗಳು. ನಲ್ಲಿ ಸುರಿಯುತ್ತಲೇ ಇತ್ತು.

"ಇದೇನವ್ವ ಇದು?" ಎಂದಳು. ಆಮೇಲೆ ಅರ್ಥವಾಯಿತು. "ಅಯ್ಯೋ ಪಾಪಿ... ಆಲು ಬರ್ತಾ ಅದಲ್ಲವ್ವಾ! ಕೂಸು ಅಲ್ಲಿ ಒಣಗ್ತಾ ಬಿದ್ದದೆ, ನೀನಿಲ್ಲಿ ಚೆಲ್ತಾ ಇದ್ದೀಯಾ?"

ಆಶಾರಾಣಿ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದಳು.

"ಕೊಟ್ರೆ ಸಾಯ್ತದೆ ಅತ್ತೆ. ಅವನ್ನ ಕೊಂದಿದ್ದು ಇದೇ ಆಲಲ್ವಾ?"

"ಯಾರಂದ್ರು ಅಂಗಂತ?"

"ನೀವೇ ಅಂದ್ರಿ. ಮಣ್ಣ್ ಮಾಡಿ ಬಂದ್ ದಿನ, ಎಲ್ರಿಗೂ. ತಾಯಿ ಆಲು ಒಗ್ಗಲಿಲ್ಲ ಅಂತ."

ಮಾದೇವಮ್ಮ ನಲ್ಲಿ ನಿಲ್ಲಿಸಿದಳು. ಅವಳಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ಬಂದವರು ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದುದು ಮಾತ್ರ ನೆನಪಿತ್ತು. ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರು ಅವಳ ನಾಲಿಗೆಗೆ ಹೊರಳಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಜನರನ್ನು ಸಾಗಹಾಕಿದ್ದಳು. ಒದ್ದೆ ನೆಲದ ಮೇಲೆಯೇ ಸೊಸೆಯ ಪಕ್ಕ ಕೂತಳು.

"ಕೇಳ್ದೋರಿಗೆ ಏನಾರ ಯೋಳ್ಬೇಕಿತ್ತಲ್ಲ ಕಣ್ಣು, ಅಂದ್ಬುಟ್ಟೆ. ನಂಗೇನ್ ಗೊತ್ತಿತ್ತು? ನಾನೇನ್ ಡಾಕ್ಟ್ರಾ?" ಸೊಸೆಯ ಒದ್ದೆ ಬೆರಳುಗಳನ್ನು ಸೆರಗಿನಲ್ಲಿ ಒರೆಸಿದಳು. "ಮೂರ್ ವರ್ಸ ಒಳಗೇ ಮಡಗಿದ್ಯಲ್ಲ. ಒಂದ್ ಮಾತು ಕೇಳ್ಬಾರ್ದಿತ್ತಾ ನನ್ನ?"

ಇಬ್ಬರೂ ಅತ್ತರು. ಹೊರಗೆ ಯಾರೋ ಬಾಗಿಲು ಬಡಿದ ಮೇಲೆ ಮಾದೇವಮ್ಮ ಸೊಸೆಯ ರವಿಕೆಯ ಗುಂಡಿ ತಾನೇ ಹಾಕಿ, ಕೈ ಹಿಡಿದು ಎಬ್ಬಿಸಿದಳು.

"ಬಾ. ಡಾಕ್ಟ್ರನ್ನೇ ಕೇಳವಾ. ಅವ್ರು ಕೊಡ್ಬ್ಯಾಡ ಅಂದ್ರೆ ಬುಡವಾ."

ಡಾಕ್ಟರ್ ನಿಂಗರಾಜು ಊಟದ ಡಬ್ಬಿ ಬಿಚ್ಚುತ್ತಿದ್ದವರು ಮುಚ್ಚಿ ಪಕ್ಕಕ್ಕಿಟ್ಟರು. ಎಲ್ಲವನ್ನೂ ಕೇಳಿದರು. ಹಾಲು ಚೆಲ್ಲಿದ್ದಕ್ಕೆ ಗದರುತ್ತಾರೆಂದು ಆಶಾರಾಣಿ ಕಾಯುತ್ತಿದ್ದಳು. ಅವರು ಗದರಲಿಲ್ಲ.

"ಆ ಮಗೂನ ನಾನು ನೋಡಿಲ್ಲ. ಅದಕ್ಕೆ ಹೀಗೇ ಆಯ್ತು ಅಂತ ಹೇಳೋದು ತಪ್ಪಾಗ್ತದೆ. ಆದ್ರೆ ಒಂದು ಹೇಳ್ತೀನಿ ಕೇಳು. ಆ ಕಾಯಿಲೆ ಹೊಟ್ಟೆ ಉಬ್ಬಿದ ದಿನವೇ ಹುಟ್ಟೋದಲ್ಲ. ಒಳಗೆ ಮೊದಲೇ ಶುರುವಾಗಿರ್ತದೆ, ನಮಗೆ ಕಾಣೋದು ಆಮೇಲೆ. ಹೊಟ್ಟೆ ಉಬ್ಬಕ್ಕೂ ನಿನ್ನ ಹಾಲು ಬರಕ್ಕೂ ಹೊತ್ತು ಕೂಡಿಬಂತು, ಅಷ್ಟೆ. ತಾಯಿ ಹಾಲಿಂದ ಈ ಕಾಯಿಲೆ ಬರಲ್ಲಮ್ಮ. ಅದನ್ನ ತಡೆಯೋ ಮೊದಲ್ನೇ ಔಷಧಿ ಅಂದ್ರೆ ತಾಯಿ ಹಾಲೇಯ."

"ಈ ಮಗೀಗೆ ಬರಲ್ಲ ಅಂತ ಬರ್ಕೊಡ್ತೀರಾ ಸಾ?" ಎಂದಳು ಆಶಾರಾಣಿ.

"ಇಲ್ಲ. ಯಾರೂ ಬರ್ಕೊಡಕ್ಕಾಗಲ್ಲ. ನಿನ್ನ ಹಾಲು ಕೊಟ್ರೆ ಕಮ್ಮಿ, ಡ್ರಾಪ್ಸೂ ಕೊಟ್ರೆ ಇನ್ನೂ ಸ್ವಲ್ಪ ಕಮ್ಮಿ. ಪೂರ್ತಿ ಇಲ್ಲ ಅನ್ನೋದು ಯಾವ್ದರಿಂದ್ಲೂ ಆಗಲ್ಲ. ಡ್ರಾಪ್ಸಲ್ಲೂ ಒಂದು ಅಪಾಯ ಇದೆ, ಮುಚ್ಚಿಡಲ್ಲ. ಅಪರೂಪಕ್ಕೆ ಆ ಜೀವಿಗಳು ರಕ್ತಕ್ಕೆ ಸೇರಿ ನಂಜಾಗಿರೋದೂ ಉಂಟು. ತೀರ ಸಣ್ಣ ಮಕ್ಕಳಿಗೆ ಆ ಭಯ ಜಾಸ್ತಿ. ನಿನ್ನ ಮಗು ಅಷ್ಟು ಸಣ್ಣದಲ್ಲ. ಅದಕ್ಕೇ ಕೊಡಬೌದು ಅಂತ ನನ್ನ ಲೆಕ್ಕ."

ಏನೂ ಆಗುವುದಿಲ್ಲ ಎಂದು ಅವರು ಆಣೆ ಮಾಡಿದ್ದರೆ ಬಹುಶಃ ಆಶಾರಾಣಿ ನಂಬುತ್ತಿರಲಿಲ್ಲ.

"ಮೊದ್ಲು ಆಲು ಕೊಡಿ ಸಾ. ಒಟ್ಟೆ ಏನೂ ಆಗ್ದೆ ಇದ್ರೆ ಆಮೇಕೆ ಡ್ರಾಪ್ಸು."

"ಆಗ್ಲಿ. ಜೊತೇಲೇ ಶುರು ಮಾಡಿದ್ರೆ ಚೆನ್ನ. ಆದ್ರೆ ನೀನು ಹೆದರಿ ಹಾಲು ನಿಲ್ಲಿಸೋದಕ್ಕಿಂತ ಇದೇ ಮೇಲು."

ಆ ಮಧ್ಯಾಹ್ನ ಬಟ್ಟಲಿನ ತಳ ಮುಚ್ಚುವಷ್ಟು ಹಾಲನ್ನು ಅವಳು ಹಿಂಡಿದಳು. ಸಿಸ್ಟರ್ ರತ್ನ ಅದರಲ್ಲಿ ಒಂದು ಚೂರನ್ನು ಮಾತ್ರ ಸಿರಿಂಜಿಗೆ ಎಳೆದು, ಮಗುವಿನ ಬಾಯಿಯ ಸಪೂರ ಪೈಪಿಗೆ ಸಿಕ್ಕಿಸಿ, ತಾನಾಗಿ ಇಳಿಯಲೆಂದು ಮೇಲೆತ್ತಿ ಹಿಡಿದಳು. ಆಶಾರಾಣಿ ಗೌನು ತೊಟ್ಟು, ಬಾಯಿಗೆ ಮಾಸ್ಕು ಕಟ್ಟಿ ಪಕ್ಕದಲ್ಲೇ ನಿಂತಿದ್ದಳು. ಹಾಲು ಇಳಿಯಿತು. ಮಗು ತುಟಿ ಚಪ್ಪರಿಸಿತು.

ಅಲ್ಲಿಂದ ಶುರುವಾಯಿತು ಅವಳ ಕಾವಲು. ಒಳಗೆ ಬಿಟ್ಟಾಗಲೆಲ್ಲ ಬೇರೇನನ್ನೂ ನೋಡುತ್ತಿರಲಿಲ್ಲ, ಹೊಟ್ಟೆಯೊಂದನ್ನೇ. ಸಿಸ್ಟರ್ ಟೇಪಿನಿಂದ ಸುತ್ತಳತೆ ನೋಡಿದರೆ ಇವಳು ಸಿಸ್ಟರಿನ ಮುಖ ನೋಡುವಳು. ಮಗು ಮುಲುಕಿದರೆ ಸಿಸ್ಟರನ್ನು ಕರೆಯುವಳು. ಹಾಲನ್ನು ಚೂರು ಚೂರೇ ಹೆಚ್ಚಿಸಿದರು. ಮಣಿಕಂಠ ಊರಿಗೂ ಆಸ್ಪತ್ರೆಗೂ ಓಡಾಡುತ್ತಿದ್ದ. ಅವನು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದುದೂ ಅದನ್ನೇ. "ಒಟ್ಟೆ ಎಂಗದೆ?"

ಎಲ್ಲ ಸರಿಯಾಗಿ ಹೋಗುತ್ತಿದೆ ಎನ್ನುವಾಗ, ಒಂದು ಬೆಳಿಗ್ಗೆ ಸಿಸ್ಟರ್ ರತ್ನ ಹಾಲು ಕೊಡುವ ಮೊದಲು ಬಾಯಿಯ ಪೈಪಿಗೆ ಸಿರಿಂಜು ಹಾಕಿ ಹೊಟ್ಟೆಯಲ್ಲಿ ಉಳಿದದ್ದನ್ನು ಎಳೆದಳು. ಬಂದದ್ದು ತೆಳು ಹಸಿರು. ಅವಳ ಕೈ ನಿಂತಿತು. ಹೊಟ್ಟೆಯ ಮೇಲೆ ಬೆರಳಿಟ್ಟು ನೋಡಿ, "ಅಮ್ಮ, ನೀವು ಸ್ವಲ್ಪ ಹೊರಗಿರಿ" ಎಂದಳು.

ಬಾಗಿಲು ಮುಚ್ಚುವ ಮೊದಲು ಆಶಾರಾಣಿಗೆ ಕಂಡದ್ದು ಬಿಗಿದು ಹೊಳೆಯುತ್ತಿದ್ದ ಹೊಟ್ಟೆ. ಅವಳಿಗೆ ಅದು ಗೊತ್ತಿದ್ದ ಹೊಳಪು.

ಡಾಕ್ಟರು ಬಂದರು. ಎಕ್ಸ್‌ರೇ ಯಂತ್ರವನ್ನು ತಳ್ಳಿಕೊಂಡು ಹೋದರು. ಹಾಲು ನಿಲ್ಲಿಸಿ ಗ್ಲೂಕೋಸ್ ಹಾಕಿದರು. ಮಗುವಿನ ರಕ್ತ ತೆಗೆದುಕೊಂಡು ಯಾರೋ ಕೆಳಗೆ ಓಡಿದರು. ಆಶಾರಾಣಿ ಹೊರಗಿನ ಬೆಂಚಿನ ಮೇಲೆ ಕೂತಳು. ಅಳು ಬರಲಿಲ್ಲ. "ನಾನ್ ಯೋಳ್ಲಿಲ್ವಾ ಅತ್ತೆ" ಎಂದು ಒಂದೇ ಸಮನೆ ಹೇಳತೊಡಗಿದಳು. ಮಾದೇವಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಬಾಯಲ್ಲಿ ಮಾದಪ್ಪ ಮಾದಪ್ಪ ಎನ್ನುತ್ತಿದ್ದಳು. ಮಣಿಕಂಠನಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಸಿಗಲಿಲ್ಲ. ದೋಣಿಯಲ್ಲಿರಬೇಕು. ಸುನಿತಾ ಅಂದು ಡಿಸ್ಚಾರ್ಜ್ ಆಗುವವಳು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವಳು ಹೋಗಲಾರದೆ ಬೆಂಚಿನ ತುದಿಯಲ್ಲಿ ಕೂತಳು. ಬಸ್ಸಿಗೆ ಹೊತ್ತಾಯಿತೆಂದು ಗಂಡ ಎರಡು ಸಲ ಕರೆದ ಮೇಲೆ ಎದ್ದು ಹೋದಳು.

ಡಾಕ್ಟರು ಹೊರಗೆ ಬಂದರು.

"ಎಕ್ಸ್‌ರೇಲಿ ಆ ಕಾಯಿಲೆ ಗುರುತು ಇಲ್ಲ" ಎಂದರು. "ರಕ್ತದ ರಿಪೋರ್ಟೂ ಪರವಾಗಿಲ್ಲ. ಮಲದಲ್ಲೂ ಏನಿಲ್ಲ. ಮೂಗಿಗೆ ಹಾಕಿರೋ ಗಾಳಿ ಹೊಟ್ಟೆಗೂ ಹೋಗ್ತದೆ, ಅದು ತುಂಬ್ಕಂಡದೆ ಅಂತ ಕಾಣ್ತದೆ. ಆದ್ರೆ ಈಗ್ಲೇ ನಿರಾಳ ಅನ್ನಲ್ಲ. ಇವತ್ತೆಲ್ಲ ಹಾಲು ನಿಲ್ಸಿ ನೋಡವಾ. ಇನ್ನೊಂದು ಎಕ್ಸ್‌ರೇ ತೆಗಿಯವಾ."

"ನನ್ ಆಲಿಂದ ಆಯ್ತಾ ಸಾ?"

"ಇಲ್ಲ ಕಣಮ್ಮ. ಇದು ಗಾಳಿ." ಆಮೇಲೆ ಮೆಲ್ಲಗೆ ಅಂದರು, "ಹಿಂಡೋದು ಮಾತ್ರ ನಿಲ್ಲಿಸ್ಬೇಡ. ಫ್ರಿಜ್ಜಲ್ಲಿ ಇಡಿಸ್ತೀನಿ. ಬೇಕಾಗ್ತದೆ."

ಆ ದಿನ ಹೇಗೆ ಕಳೆಯಿತೆಂಬುದು ಅವಳಿಗೇ ಗೊತ್ತಾಗಲಿಲ್ಲ. ಸಿಸ್ಟರ್ ಬಟ್ಟಲು ಕೊಟ್ಟಾಗಲೆಲ್ಲ ಮಾದೇವಮ್ಮ ಪರದೆಯೊಳಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಕಣ್ಣೀರು ಬಟ್ಟಲಿಗೆ ಬೀಳದಂತೆ ಸೊಸೆಯ ಮುಖವನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಪ್ರತಿ ಸಲವೂ ಬಟ್ಟಲಿನಲ್ಲಿ ಹಾಲಿತ್ತು.

ಮಾರನೆಯ ದಿನ ಹೊಟ್ಟೆ ಇಳಿಯಿತು. ಎರಡನೆಯ ಎಕ್ಸ್‌ರೇಯೂ ಸರಿಯಾಗಿಯೇ ಬಂತು. ಹಾಲನ್ನು ಮತ್ತೆ ಮೊದಲಿನಿಂದ, ಹನಿಯಿಂದ, ಶುರು ಮಾಡಿದರು. ಊರಿನಿಂದ ಸಿಕ್ಕಿದ ಬೈಕು ಹತ್ತಿ, ಬಸ್ಸು ಹಿಡಿದು ಓಡಿಬಂದ ಮಣಿಕಂಠ ಗಾಜಿನ ಆಚೆಯಿಂದ ಮಗುವನ್ನು ನೋಡಿ, ಮೀನಿನ ವಾಸನೆಯ ಕೈಯನ್ನು ಗಾಜಿಗೆ ಒತ್ತಿ ಅಲ್ಲೇ ನಿಂತುಬಿಟ್ಟ.

ಡ್ರಾಪ್ಸಿನ ಮಾತನ್ನು ಆಮೇಲೆ ಎತ್ತಿದವಳು ಆಶಾರಾಣಿಯೇ.

"ಸಾ, ಆ ಉಳದ ಔಸ್ದಿ ಕೊಡದಾದ್ರೆ ಕೊಡಿ."

"ಹೆದರಿಕೆ ಹೋಯ್ತಾ?"

"ಇಲ್ಲ ಸಾ. ಎರಡ್ಕೂ ಎದರ್ತೀನಿ. ಆಲು ಕೊಟ್ಟಾಯ್ತಲ್ಲ, ಅದ್ನೂ ಕೊಟ್ಬುಡಿ."

ಡಾಕ್ಟರು ನಕ್ಕರು. ಮಣಿಕಂಠನನ್ನೂ ಕರೆದು ಮತ್ತೊಮ್ಮೆ ಎಲ್ಲವನ್ನೂ ಹೇಳಿ, ಇಬ್ಬರೂ ಒಪ್ಪಿದ ಮೇಲೆ ದಿನಕ್ಕೊಮ್ಮೆ ಅವಳ ಹಾಲಿನಲ್ಲೇ ಬೆರೆಸಿ ಕೊಡಿಸತೊಡಗಿದರು. ಮೊದಲ ದಿನ ಅವಳು ಊಟ ಮುಟ್ಟಲಿಲ್ಲ. ಏನೂ ಆಗಲಿಲ್ಲ. ಎರಡನೆಯ ದಿನವೂ ಏನೂ ಆಗಲಿಲ್ಲ. ಗಾಳಿಯ ಪೈಪು ತೆಗೆದರು. ಕೈಯ ಸೂಜಿ ಕಿತ್ತರು. ಮಗುವನ್ನು ಅವಳ ಎದೆಯ ಮೇಲೆ, ಬರಿ ಮೈಗೆ ಬರಿ ಮೈ ತಾಗುವಂತೆ ಮಲಗಿಸಿ ಬಟ್ಟೆ ಸುತ್ತಿದರು. ಅವಳು ಉಸಿರಾಡಲೂ ಹೆದರಿ ಕೂತಿದ್ದಳು. ಮಗು ಒಮ್ಮೆ ಮುಲುಕಿ, ಬಿಸಿಯಾಗಿ ಏನೋ ಹರಿದು ಅವಳ ಹೊಟ್ಟೆಯ ಮೇಲೆ ಬಂತು. ಬೆಚ್ಚಿ ಬಟ್ಟೆ ಸರಿಸಿ ನೋಡಿದರೆ ಸಾಸಿವೆ ಬಣ್ಣದ ಹೇಲು.

"ಸಿಸ್ಟರ್!" ಎಂದು ಕೂಗಿದಳು.

ರತ್ನ ಬಂದು ನೋಡಿ, "ಹಾಲು ಕುಡಿಯೋ ಕೂಸು ಹಿಂಗೇ ಮಾಡೋದು. ಒರೆಸ್ಕಳಿ" ಎಂದು ಹತ್ತಿ ಕೊಟ್ಟು ಹೋದಳು. ಆಶಾರಾಣಿ ಮೊದಲ ಸಲ ನಕ್ಕಳು. ನಗುತ್ತಲೇ ಅತ್ತಳು.

ಇನ್ನೂ ಕೆಲವು ವಾರ ಹಿಡಿಯಿತು. ಮಗು ತಾನೇ ಎದೆ ಚೀಪುವಂತಾಗಿ, ತೂಕ ಬಂದ ಮೇಲೆ ಮನೆಗೆ ಕಳಿಸಿದರು. ಕರುಳಿನ ಕಾಯಿಲೆಯ ಕಾಲ ಮುಗಿಯಿತೇ ಎಂದು ಅವಳು ಕೇಳಿದಳು. ಹೆಚ್ಚುಕಮ್ಮಿ ದಾಟಿದೆ, ಆದರೆ ಹೊಟ್ಟೆ ಉಬ್ಬಿದರೆ, ಹಸಿರು ಕಕ್ಕಿದರೆ ಒಂದು ಗಳಿಗೆಯೂ ಕಾಯಬೇಡ ಎಂದು ಡಾಕ್ಟರು ಹೇಳಿದರು. ಹನೂರು ದಾಟಿ, ಬೆಟ್ಟ ದಾಟಿ, ಕಾಡಿನ ದಾರಿಯಲ್ಲಿ ಗೋಪಿನಾಥಂ ಮುಟ್ಟುವವರೆಗೂ ಅವಳ ಒಂದು ಕೈ ಮಗುವಿನ ಹೊಟ್ಟೆಯ ಮೇಲೇ ಇತ್ತು. ಅಲ್ಲಿಂದ ಕೊಳ್ಳೇಗಾಲ ಎಷ್ಟು ದೂರ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲೂ ಹಾಗೆಯೇ. ಹಾಲು ಕುಡಿಸಿ ಹೊಟ್ಟೆ ಮುಟ್ಟುವಳು. ಒಲೆ ಉರಿಹಾಕಿ ಬಂದು ಮುಟ್ಟುವಳು. ಮಾದೇವಮ್ಮ ಬೈಯಲಿಲ್ಲ. ಕೆಲವೊಮ್ಮೆ ತಾನೂ ಮುಟ್ಟಿ ನೋಡಿ, "ಮೆತ್ತಗದೆ ಕಣ್ಣು" ಎನ್ನುತ್ತಿದ್ದಳು.

ಹೀಗೆ ದಿನಗಳು ಹೋಗುತ್ತಿರುವಾಗ ಒಂದು ಸಂಜೆ ಹಿತ್ತಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದ ಆಶಾರಾಣಿ ತಟ್ಟನೆ ಕೈ ನಿಲ್ಲಿಸಿದಳು. ಬೆಳಗಿನಿಂದ ತಾನು ಹೊಟ್ಟೆ ಮುಟ್ಟಿಯೇ ನೋಡಿಲ್ಲವೆಂಬುದು ಆಗ ಹೊಳೆಯಿತು. ಎದ್ದು ಒಳಗೆ ಓಡಬೇಕೆನ್ನಿಸಿತು. ಒಳಗೆ ಮಗು ಹಸಿದು ಕಿರುಚುತ್ತಿತ್ತು, ಜೋರಾಗಿ, ಕೋಪದಿಂದ. ಅವಳು ಆ ಕೂಗನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಉಳಿದ ಬಟ್ಟೆಯನ್ನೂ ಹಿಂಡಿ ಹರವಿ, ಕೈ ಒರೆಸಿಕೊಂಡು ಹಾಲು ಕೊಡಲು ಹೋದಳು.